ಗಾರ್ಡನ್ ಬ್ರೌನ್ ರಾಜೀನಾಮೆ, ಮೇ 2010: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟನ್ನಿನ 2010ರ ಚುನಾವಣೆಯ ಮಾತು ಬಂದಾಗಲೆಲ್ಲ ಅದೇ ಕೆಲವು ಪ್ರಶ್ನೆಗಳು ಎದ್ದು ಬರುತ್ತವೆ. ಬ್ರೌನ್ ಸೋತರೇ? ಸೋತಿದ್ದರೆ ತಕ್ಷಣ ಯಾಕೆ ಹೋಗಲಿಲ್ಲ? ಪಕ್ಷದ ನಾಯಕತ್ವ ಬಿಡುತ್ತೇನೆ ಎಂದಾಗ ಜನ ಯಾಕೆ ಅಷ್ಟು ಸಿಡಿಮಿಡಿಗೊಂಡರು? ಮರುದಿನ ಅದೇ ಜನರ ದನಿ ಯಾಕೆ ತಗ್ಗಿತು? ಉತ್ತರಗಳು ಇಲ್ಲಿವೆ. ಕೆಲವು ಚಿಕ್ಕವು, ಕೆಲವು ಉದ್ದ.

ಯಾವ ಚುನಾವಣೆ, ಯಾವ ರಾಜೀನಾಮೆ?

2010ರ ಮೇ 6, ಗುರುವಾರ ನಡೆದ ಸಾರ್ವತ್ರಿಕ ಚುನಾವಣೆ. ಲೇಬರ್ ಪಕ್ಷ 1997ರಿಂದ ಅಧಿಕಾರದಲ್ಲಿತ್ತು. ಟೋನಿ ಬ್ಲೇರ್ ಸರ್ಕಾರದಲ್ಲಿ ಹತ್ತು ವರ್ಷ ಹಣಕಾಸು ಸಚಿವರಾಗಿದ್ದ ಗಾರ್ಡನ್ ಬ್ರೌನ್ 2007ರ ಜೂನ್‌ನಲ್ಲಿ ಪ್ರಧಾನಿಯಾಗಿದ್ದರು. ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಮೇ 10, ಸೋಮವಾರ ಸಂಜೆ ಬ್ರೌನ್ ಲೇಬರ್ ನಾಯಕತ್ವದಿಂದ ಇಳಿಯುವುದಾಗಿ ಪ್ರಕಟಿಸಿದರು. ಮೇ 11, ಮಂಗಳವಾರ ಸಂಜೆ ಪ್ರಧಾನಿ ಸ್ಥಾನಕ್ಕೂ ರಾಜೀನಾಮೆ ಕೊಟ್ಟರು.

ಅತಂತ್ರ ಎಂದರೆ ಎಷ್ಟು ಅತಂತ್ರ?

ಸಂಸತ್ತಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ನ ಒಟ್ಟು ಸ್ಥಾನ 650, ಸರಳ ಬಹುಮತಕ್ಕೆ 326 ಬೇಕು. ಡೇವಿಡ್ ಕ್ಯಾಮರನ್ ಅವರ ಕನ್ಸರ್ವೇಟಿವ್ ಪಕ್ಷಕ್ಕೆ 306, ಲೇಬರ್‌ಗೆ 258, ನಿಕ್ ಕ್ಲೆಗ್ ಅವರ ಲಿಬರಲ್ ಡೆಮಾಕ್ರಾಟರಿಗೆ 57 ಬಂದವು. ಮತ ಪ್ರಮಾಣ ಕ್ರಮವಾಗಿ ಶೇ 36, 29 ಮತ್ತು 23ರ ಆಸುಪಾಸು. 1974ರ ಫೆಬ್ರುವರಿಯ ನಂತರ ಇಂಥ ಫಲಿತಾಂಶ ಬಂದಿದ್ದು ಅದೇ ಮೊದಲು.

ಈ ಅಂಕಿಗಳಲ್ಲಿ ಒಂದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಲೇಬರ್ ಮತ್ತು ಲಿಬರಲ್ ಡೆಮಾಕ್ರಾಟರು ಕೂಡಿದರೂ ಆಗುವುದು 315. ಬಹುಮತಕ್ಕೆ ಇನ್ನೂ ಹನ್ನೊಂದು ಕಡಿಮೆ. ಮುಂದಿನ ಐದು ದಿನಗಳ ಕೋಪ, ಅನುಮಾನ, ವ್ಯಂಗ್ಯಗಳಲ್ಲಿ ಹೆಚ್ಚಿನವು ಈ ಹನ್ನೊಂದರ ಸುತ್ತಲೇ ತಿರುಗಿದವು.

ಸೋತ ಮೇಲೂ ಬ್ರೌನ್ ಐದು ದಿನ ಕುರ್ಚಿಯಲ್ಲೇ ಇದ್ದರಲ್ಲ, ಯಾಕೆ?

ಅವರು ಕುಳಿತಿದ್ದು ನಿಯಮದ ಪ್ರಕಾರವೇ. ಆದರೆ ಆ ನಿಯಮ ಆಗ ಹೆಚ್ಚಿನ ಮತದಾರರಿಗೆ ಗೊತ್ತಿರಲಿಲ್ಲ. ಎಲ್ಲ ಎಡವಟ್ಟು ಅಲ್ಲಿಂದಲೇ ಶುರುವಾಯಿತು.

ಬ್ರಿಟನ್ನಿಗೆ ಒಂದೇ ಪುಸ್ತಕದ ಲಿಖಿತ ಸಂವಿಧಾನವಿಲ್ಲ. ಸಂಪ್ರದಾಯವೇ ನಿಯಮ. ಅದರಂತೆ ದೇಶ ಒಂದು ಕ್ಷಣವೂ ಸರ್ಕಾರವಿಲ್ಲದೆ ಇರಬಾರದು. ಇನ್ನೊಬ್ಬರು ಸದನದ ವಿಶ್ವಾಸ ಗಳಿಸಬಲ್ಲರು ಎಂಬುದು ಸ್ಪಷ್ಟವಾಗುವವರೆಗೆ ಹಾಲಿ ಪ್ರಧಾನಿ ಜಾಗ ಖಾಲಿ ಮಾಡುವಂತಿಲ್ಲ. ಅದಕ್ಕೆ ಮೊದಲೇ ಅವರು ಹೊರಟುಬಿಟ್ಟರೆ, ಯಾರನ್ನು ಕರೆಯಬೇಕು ಎಂದು ರಾಜ ಅಥವಾ ರಾಣಿಯೇ ತೀರ್ಮಾನಿಸಬೇಕಾಗುತ್ತದೆ. ರಾಜಕೀಯದ ರಾಡಿ ಅರಮನೆಯ ಅಂಗಳಕ್ಕೆ ಹರಿಯಬಾರದು ಎಂಬುದು ಅಲ್ಲಿನ ಅಧಿಕಾರಿ ವರ್ಗದ ಮಡಿ. ಸಂಪುಟ ಕಾರ್ಯದರ್ಶಿ ಗಸ್ ಓಡೊನೆಲ್ ಅವರ ತಂಡ ಇದನ್ನೆಲ್ಲ ಬರಹಕ್ಕಿಳಿಸಿ, ಆ ವರ್ಷದ ಫೆಬ್ರುವರಿಯಲ್ಲೇ ಕರಡೊಂದನ್ನು ಹೊರತಂದಿತ್ತು. ಓದಿದವರು ಯಾರು? ಪತ್ರಕರ್ತರು, ಪ್ರಾಧ್ಯಾಪಕರು.

ಸಾಮಾನ್ಯ ಮತದಾರನಿಗೆ ಕಂಡದ್ದೇ ಬೇರೆ. ಪಕ್ಷ ತೊಂಬತ್ತಕ್ಕೂ ಹೆಚ್ಚು ಸ್ಥಾನ ಕಳೆದುಕೊಂಡಿದೆ, ಮನುಷ್ಯ ಮಾತ್ರ ಪ್ರಧಾನಿ ನಿವಾಸವಾದ 10 ಡೌನಿಂಗ್ ಸ್ಟ್ರೀಟ್ ಬಿಡುತ್ತಿಲ್ಲ. ಕ್ಲೆಗ್ ಪ್ರಚಾರದ ವೇಳೆಯಲ್ಲೇ, ಮತಗಳಲ್ಲಿ ಮೂರನೆಯ ಸ್ಥಾನಕ್ಕೆ ಇಳಿದ ಪಕ್ಷ ಆ ಮನೆಯಲ್ಲಿ ಅಕ್ರಮವಾಗಿ ಬೀಡುಬಿಡುವುದು ಅಸಂಬದ್ಧ ಎಂದಿದ್ದರು. ಲೇಬರ್ ಮೂರನೆಯದಾಗಲಿಲ್ಲ, ಎರಡನೆಯದಾಯಿತು. ಆದರೂ ಬೀಡುಬಿಟ್ಟವನ ಆ ಚಿತ್ರ ಉಳಿದುಕೊಂಡಿತು. ಚುನಾವಣೆಯ ನಂತರ ಟ್ಯಾಬ್ಲಾಯ್ಡ್ ಪತ್ರಿಕೆಯೊಂದು ಅದನ್ನೇ ತಲೆಬರಹ ಮಾಡಿತು.

1974ರಲ್ಲಿ ಎಡ್ವರ್ಡ್ ಹೀತ್ ಕೂಡ ಹೀಗೆಯೇ ಮಾಡಿದ್ದರು. ಅವರ ಕನ್ಸರ್ವೇಟಿವ್ ಪಕ್ಷಕ್ಕೆ 297, ಲೇಬರ್‌ಗೆ 301 ಸ್ಥಾನ ಬಂದಿದ್ದವು. ಹೀತ್ ವಾರಾಂತ್ಯವಿಡೀ ಲಿಬರಲ್ ನಾಯಕ ಜೆರೆಮಿ ಥಾರ್ಪ್ ಜೊತೆ ಮಾತುಕತೆ ನಡೆಸಿ, ಅದು ಕೂಡಿಬರದೆ ಸೋಮವಾರ ರಾಜೀನಾಮೆ ಕೊಟ್ಟರು. ಅವರ ಮೇಲೂ ಇಂಥದೇ ಟೀಕೆ ಬಂದಿತ್ತು. ಆದರೆ 2010ರಲ್ಲಿ ಮೂವತ್ತಾರು ವರ್ಷ ಹಿಂದಿನದು ಎಷ್ಟು ಜನರಿಗೆ ನೆನಪಿದ್ದೀತು!

ಒಂದೇ ಸಲ ಎರಡೂ ಬಿಡದೆ, ಮೊದಲು ಪಕ್ಷದ ನಾಯಕತ್ವ ಮಾತ್ರ ಯಾಕೆ?

ಅದು ಲೆಕ್ಕಾಚಾರದ ನಡೆ. ಕ್ಲೆಗ್ ಶುಕ್ರವಾರವೇ, ಹೆಚ್ಚು ಮತ, ಹೆಚ್ಚು ಸ್ಥಾನ ಪಡೆದ ಪಕ್ಷಕ್ಕೆ ಮೊದಲ ಅವಕಾಶ ಎಂದು ಹೇಳಿ ಕನ್ಸರ್ವೇಟಿವ್ ಜೊತೆ ಮಾತು ಆರಂಭಿಸಿದ್ದರು. ಅದೇ ಮಧ್ಯಾಹ್ನ ಕ್ಯಾಮರನ್ ಬಹಿರಂಗವಾಗಿ ಕೈ ಚಾಚಿದ್ದರು. ಆದರೆ ಲಿಬರಲ್ ಡೆಮಾಕ್ರಾಟರಲ್ಲಿ ಬಹಳಷ್ಟು ಜನರ ಒಲವು ಲೇಬರ್ ಕಡೆಗಿತ್ತು, ಅಡ್ಡಿಯಾಗಿದ್ದು ಬ್ರೌನ್. ಅವರನ್ನು ಮತ್ತೆ ಪ್ರಧಾನಿ ಮಾಡಿದರೆ ತಮ್ಮ ಮತದಾರರಿಗೆ ಮುಖ ತೋರಿಸುವುದು ಹೇಗೆ ಎಂಬ ಚಿಂತೆ ಅವರದು. ವಾರಾಂತ್ಯದಲ್ಲಿ ಕ್ಲೆಗ್ ಮತ್ತು ಬ್ರೌನ್ ಖಾಸಗಿಯಾಗಿ ಭೇಟಿಯಾದರು. ಸೋಮವಾರ ಸಂಜೆ ಬ್ರೌನ್ ಹೊರಗೆ ಬಂದು, ಫಲಿತಾಂಶವನ್ನು ತನ್ನ ಮೇಲಿನ ತೀರ್ಪೆಂದು ಒಪ್ಪಿಕೊಳ್ಳುತ್ತೇನೆ, ಶರತ್ಕಾಲದ ಪಕ್ಷದ ಸಮಾವೇಶದ ಹೊತ್ತಿಗೆ ಹೊಸ ನಾಯಕ ಬರಲಿ ಎಂಬರ್ಥದ ಮಾತಾಡಿದರು. ಅದರ ಜೊತೆಗೇ, ಲಿಬರಲ್ ಡೆಮಾಕ್ರಾಟರೊಂದಿಗೆ ಅಧಿಕೃತ ಮಾತುಕತೆ ಶುರುವಾಗುತ್ತದೆ ಎಂದರು.

ತಲೆದಂಡ ಕೊಟ್ಟಿದ್ದು ನಿಜ. ಆದರೆ ಅದನ್ನು ಕೊಟ್ಟಿದ್ದು ಅಧಿಕಾರವನ್ನು ಪಕ್ಷದ ಕೈಯಲ್ಲೇ ಉಳಿಸಿಕೊಳ್ಳಲು.

ಮೇ 10ರ ಆ ಘೋಷಣೆಗೆ ಜನರ ಪ್ರತಿಕ್ರಿಯೆ ಹೇಗಿತ್ತು?

ಹಲವು ತೆರನಾಗಿತ್ತು. ಬ್ರೌನ್ ಇಷ್ಟವೋ ಇಲ್ಲವೋ ಎಂಬುದರ ಮೇಲೆ ಅದು ಹಂಚಿಹೋಗಿತ್ತು ಎಂದು ಭಾವಿಸಿದರೆ ತಪ್ಪಾಗುತ್ತದೆ. ತಾವು ಮತ ಹಾಕಿದ್ದು ಯಾವುದಕ್ಕೆ ಎಂದು ಜನ ತಿಳಿದಿದ್ದರೋ ಅದರ ಮೇಲೆ ಹಂಚಿಹೋಗಿತ್ತು.

ಸರ್ಕಾರ ಬದಲಾಗಲಿ ಎಂದು ಮತ ಹಾಕಿದವರಿಗೆ ಇದು ಹಿತ್ತಲ ಬಾಗಿಲಿನ ಆಟವಾಗಿ ಕಂಡಿತು. ಸೋತವರೆಲ್ಲ ಸೇರಿ ಗೆದ್ದವರನ್ನು ಹೊರಗಿಡುತ್ತಿದ್ದಾರೆ ಎಂಬ ಮಾತು ಆ ಸಂಜೆ ಮತ್ತೆ ಮತ್ತೆ ಕೇಳಿಬಂತು. "ಸೋತವರ ಕೂಟ" ಎಂಬ ಬಿರುದೂ ಅಂಟಿಕೊಂಡಿತು. ಇನ್ನು ಕನ್ಸರ್ವೇಟಿವ್ ಪಕ್ಷ ಬರದಿರಲಿ ಎಂದೇ ಮತ ಹಾಕಿದ್ದವರು ಲೆಕ್ಕ ಬೇರೆ ಮಾಡಿದರು: ಲೇಬರ್ ಮತ್ತು ಲಿಬರಲ್ ಡೆಮಾಕ್ರಾಟರ ಮತ ಕೂಡಿದರೆ ಶೇ 52, ಇದು ಜನಾದೇಶವಲ್ಲದೆ ಮತ್ತೇನು? ಮೂರನೆಯ ಗುಂಪಿಗೆ ಪಕ್ಷಗಳ ಗೊಡವೆಯೇ ಬೇಡವಾಗಿತ್ತು. ಬೇಗ ಯಾವುದಾದರೂ ಒಂದು ಸರ್ಕಾರ ಬಂದು ಕೆಲಸ ನೋಡಲಿ ಎಂಬುದಷ್ಟೇ ಅವರ ತಗಾದೆ.

ಲೇಬರ್ ಬೆಂಬಲಿಗರಲ್ಲಿ ಸಮಾಧಾನದ ನಿಟ್ಟುಸಿರೂ ಇತ್ತು. ಬ್ರೌನ್ ಹೋದರೆ ಪಕ್ಷ ಉಳಿದೀತು ಎಂದು ಎರಡು ವರ್ಷಗಳಿಂದ ಒಳಗೊಳಗೇ ಗೊಣಗುತ್ತಿದ್ದವರು ಬಹಳ ಮಂದಿ. ಆರ್ಥಿಕ ಕುಸಿತದ ದಿನಗಳಲ್ಲಿ ಬ್ಯಾಂಕುಗಳನ್ನು ಉಳಿಸಿದ ಮನುಷ್ಯನನ್ನು ಹೀಗೆ ಕಳಿಸಬೇಕೇ ಎಂದು ನೊಂದುಕೊಂಡವರೂ ಇದ್ದರು. ಎರಡೂ ಭಾವನೆ ಒಬ್ಬರಲ್ಲೇ ಇದ್ದಿರಲಿಕ್ಕೂ ಸಾಕು.

ನನ್ನ ಮಟ್ಟಿಗೆ ಹೇಳುವುದಾದರೆ, ಜನರ ಅನುಮಾನ ನ್ಯಾಯವಾಗಿಯೇ ಇತ್ತು. ಹೊಣೆ ಹೊರುವುದನ್ನೂ ಚೌಕಾಸಿಯನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಕೇಳುವವರ ಕಿವಿಗೆ ಚೌಕಾಸಿಯೇ ಮೊದಲು ಬೀಳುತ್ತದೆ.

"ಯಾರೂ ಆರಿಸದ ಇನ್ನೊಬ್ಬ ಪ್ರಧಾನಿ" ಎಂಬ ದೂರು ಸರಿಯೇ?

ಕಾನೂನಿನ ಪ್ರಕಾರ ಹುರುಳಿಲ್ಲ. ಬ್ರಿಟನ್ನಿನಲ್ಲಿ ಜನ ಆರಿಸುವುದು ತಮ್ಮ ಕ್ಷೇತ್ರದ ಸಂಸದನನ್ನು, ಪ್ರಧಾನಿಯನ್ನಲ್ಲ. ಚುನಾವಣೆಯಿಲ್ಲದೆ ನಡುವೆ ಪ್ರಧಾನಿಯಾದವರಲ್ಲಿ ಜಾನ್ ಮೇಜರ್, ಜೇಮ್ಸ್ ಕ್ಯಾಲಹನ್ ಇದ್ದಾರೆ.

ರಾಜಕೀಯವಾಗಿ ಮಾತ್ರ ಬಹಳ ಹುರುಳಿತ್ತು. 2007ರಲ್ಲಿ ಬ್ರೌನ್ ಪಕ್ಷದೊಳಗೂ ಸ್ಪರ್ಧೆ ಇಲ್ಲದೆ ನಾಯಕರಾದವರು. ಆ ವರ್ಷ ಚುನಾವಣೆಗೆ ಹೋಗುವ ಗಾಳಿಮಾತು ಹಬ್ಬಲು ಬಿಟ್ಟು ಕೊನೆಗೆ ಹಿಂದೆ ಸರಿದಿದ್ದರು. ಈಗ ಅವರೂ ಹೋಗಿ, ಪ್ರಚಾರದಲ್ಲಿ ಯಾರೂ ನೋಡಿರದ ಇನ್ನೊಬ್ಬರು ಪ್ರಧಾನಿಯಾಗುತ್ತಾರೆ ಎಂದರೆ ಜನರಿಗೆ ರೇಗದೆ ಇರುತ್ತದೆಯೇ? ಅದೂ 2010ರಲ್ಲಿ. ಬ್ರಿಟನ್ನಿನ ಇತಿಹಾಸದಲ್ಲೇ ಮೊದಲ ಬಾರಿಗೆ ಮೂವರು ನಾಯಕರು ಟಿವಿಯಲ್ಲಿ ಎದುರುಬದುರು ನಿಂತು ಮೂರು ಚರ್ಚೆ ನಡೆಸಿದ್ದರು. ಆ ಮೂರು ಗುರುವಾರಗಳಲ್ಲಿ ದೇಶ ನೋಡಿದ್ದು ಬ್ರೌನ್, ಕ್ಯಾಮರನ್, ಕ್ಲೆಗ್ ಇವರ ಮುಖಗಳನ್ನು. ನಾಲ್ಕನೆಯವರ ಹೆಸರೇ ಅಲ್ಲಿರಲಿಲ್ಲ.

ಇಂಗ್ಲೆಂಡ್, ಸ್ಕಾಟ್ಲೆಂಡ್ ಎರಡರಲ್ಲೂ ಒಂದೇ ಬಗೆಯ ಪ್ರತಿಕ್ರಿಯೆ ಇತ್ತೇ?

ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಇಂಗ್ಲೆಂಡಿನ ಸ್ಥಾನಗಳನ್ನಷ್ಟೇ ಎಣಿಸಿದರೆ ಕನ್ಸರ್ವೇಟಿವ್ ಪಕ್ಷಕ್ಕೆ ಸ್ಪಷ್ಟ ಬಹುಮತ. ಸ್ಕಾಟ್ಲೆಂಡಿನ 59ರಲ್ಲಿ ಅದಕ್ಕೆ ದಕ್ಕಿದ್ದು ಒಂದೇ ಒಂದು, ಲೇಬರ್‌ಗೆ 41. ಬ್ರೌನ್ ಸ್ಕಾಟ್ಲೆಂಡಿನವರು. ಇಂಗ್ಲೆಂಡಿನ ದಕ್ಷಿಣದಲ್ಲಿ ಕುಳಿತವನಿಗೆ ಅವರ ನಡೆ ಹಟಮಾರಿತನ. ಅವರ ಕ್ಷೇತ್ರವಾದ ಕರ್ಕಾಲ್ಡಿಯ ಮತದಾರನಿಗೆ ಅದು ತಮ್ಮವನೊಬ್ಬನ ಕೊನೆಯ ಹೋರಾಟ.

ಲೇಬರ್ ಪಕ್ಷದೊಳಗೆ ಎಲ್ಲರೂ ಒಪ್ಪಿದ್ದರೇ?

ಒಪ್ಪಿದ್ದರೆ ಕಥೆ ಬೇರೆಯಾಗುತ್ತಿತ್ತೇನೋ. ಮಾಜಿ ಗೃಹ ಸಚಿವರಾದ ಜಾನ್ ರೀಡ್ ಮತ್ತು ಡೇವಿಡ್ ಬ್ಲಂಕೆಟ್ ಈ ಮೈತ್ರಿ ಬೇಡವೆಂದು ಕ್ಯಾಮೆರಾ ಮುಂದೆಯೇ ಹೇಳಿದರು. ಅವರ ವಾದ ಸರಳವಾಗಿತ್ತು: ಸೋತಿದ್ದೇವೆ, ಸೋಲನ್ನು ಒಪ್ಪಿಕೊಳ್ಳೋಣ, ಇಲ್ಲದಿದ್ದರೆ ಮುಂದಿನ ಚುನಾವಣೆಯಲ್ಲಿ ಜನ ಬಡ್ಡಿ ಸಮೇತ ತೀರಿಸುತ್ತಾರೆ. ಹನ್ನೊಂದು ಸ್ಥಾನ ತುಂಬಲು ಸ್ಕಾಟಿಷ್ ನ್ಯಾಷನಲ್ ಪಕ್ಷ, ವೇಲ್ಸ್‌ನ ಪ್ಲೈಡ್ ಕಮ್ರಿ, ಉತ್ತರ ಐರ್ಲೆಂಡಿನ ಸಣ್ಣ ಪಕ್ಷಗಳು ಎಲ್ಲವನ್ನೂ ಸಂಭಾಳಿಸಬೇಕಿತ್ತು. ಸ್ಕಾಟ್ಲೆಂಡಿನ ಲೇಬರ್ ಸಂಸದರಿಗೆ ಸ್ಕಾಟಿಷ್ ನ್ಯಾಷನಲ್ ಪಕ್ಷದ ಹೆಸರು ಹೇಳಿದರೇ ಮೈ ಉರಿಯುತ್ತಿತ್ತು.

ಜನ ಬೀದಿಗಿಳಿದಿದ್ದರು ಎನ್ನುತ್ತಾರಲ್ಲ, ಬ್ರೌನ್ ವಿರುದ್ಧವೇ?

ಅಲ್ಲ. ಇದನ್ನು ಹಲವರು ತಪ್ಪಾಗಿ ನೆನಪಿಟ್ಟುಕೊಂಡಿದ್ದಾರೆ. ಮೇ 8ರ ಶನಿವಾರ ಲಂಡನ್ನಿನ ಸ್ಮಿತ್ ಸ್ಕ್ವೇರ್‌ನಲ್ಲಿ ಲಿಬರಲ್ ಡೆಮಾಕ್ರಾಟ್ ಸಂಸದರು ಸಭೆ ಸೇರಿದ್ದಾಗ ಹೊರಗೆ ದೊಡ್ಡ ಗುಂಪು ನೆರೆದಿತ್ತು. ಅವರು ಕೇಳಿದ್ದು ಮತದಾನ ಪದ್ಧತಿಯ ಸುಧಾರಣೆಯನ್ನು. ಶೇ 23 ಮತ ಪಡೆದ ಪಕ್ಷಕ್ಕೆ 57 ಸ್ಥಾನ, ಶೇ 29 ಪಡೆದದ್ದಕ್ಕೆ 258! ಈ ಅನ್ಯಾಯವನ್ನು ಮಾತುಕತೆಯ ಮೇಜಿನ ಮೇಲೆ ಮಾರಿಕೊಳ್ಳಬೇಡಿ ಎಂದು ಕೂಗಿದರು. ಕ್ಲೆಗ್ ಹೊರಬಂದು ಧ್ವನಿವರ್ಧಕ ಹಿಡಿದು ಅವರೊಡನೆ ಮಾತಾಡಿ ಮನವಿಯನ್ನೂ ಸ್ವೀಕರಿಸಿದರು.

ಚುನಾವಣೆಯ ರಾತ್ರಿಯ ಸಿಟ್ಟೂ ಇದಕ್ಕೆ ಕೂಡಿಕೊಂಡಿತ್ತು. ಶೆಫೀಲ್ಡ್, ಮ್ಯಾಂಚೆಸ್ಟರ್, ಲಂಡನ್ನಿನ ಕೆಲವು ಮತಗಟ್ಟೆಗಳಲ್ಲಿ ಸಾಲು ನಿಂತಿದ್ದವರ ಮುಖದ ಮೇಲೆಯೇ ರಾತ್ರಿ ಹತ್ತಕ್ಕೆ ಬಾಗಿಲು ಹಾಕಲಾಗಿತ್ತು. ಹತ್ತು ಗಂಟೆಗೆ ಸಾಲಿನಲ್ಲಿ ಇರುವವರಿಗೆ ಮತ ಹಾಕಲು ಬಿಡಬೇಕೆಂಬ ತಿದ್ದುಪಡಿ ಬಂದಿದ್ದು ಆಮೇಲೆ, 2013ರ ಕಾಯ್ದೆಯಲ್ಲಿ.

ಟಿವಿಯಲ್ಲಿ ಏನೋ ಜಗಳವಾಗಿತ್ತಂತೆ?

ಆಗಿತ್ತು, ಅದೇ ಸೋಮವಾರ ಸಂಜೆ. ಬ್ಲೇರ್ ಕಾಲದ ಮಾಧ್ಯಮ ಮುಖ್ಯಸ್ಥ ಅಲೆಸ್ಟರ್ ಕ್ಯಾಂಪ್‌ಬೆಲ್ ಮತ್ತು ಸ್ಕೈ ನ್ಯೂಸ್‌ನ ರಾಜಕೀಯ ಸಂಪಾದಕ ಆ್ಯಡಂ ಬೌಲ್ಟನ್ ನೇರಪ್ರಸಾರದಲ್ಲೇ ಕೈ ಕೈ ಮಿಲಾಯಿಸುವುದೊಂದು ಬಾಕಿ ಎಂಬಂತೆ ಕಿತ್ತಾಡಿದರು. ಬ್ರೌನ್ ಹೋಗಬೇಕು ಎಂಬುದು ನಿಮ್ಮದೇ ಆಸೆ ಎಂದು ಕ್ಯಾಂಪ್‌ಬೆಲ್ ಛೇಡಿಸಿದರು. ನನ್ನ ಮನಸ್ಸಿನಲ್ಲಿ ಏನಿದೆ ಎಂದು ನೀವು ಹೇಳಬೇಡಿ ಎಂದು ಬೌಲ್ಟನ್ ಬೆರಳು ಚುಚ್ಚಿ ಚುಚ್ಚಿ ಅಬ್ಬರಿಸಿದರು. ನಡುವೆ ಇದ್ದ ನಿರೂಪಕ ಇಬ್ಬರನ್ನೂ ಸುಮ್ಮನಾಗಿಸಲು ಹೆಣಗಾಡುತ್ತಿದ್ದರು. ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್‌ಗೆ ದೂರುಗಳು ಹೋದವು. ನಿಯಮ ಉಲ್ಲಂಘನೆ ಆಗಿಲ್ಲ ಎಂದು ಅದು ತೀರ್ಮಾನಿಸಿತು. ಆ ದಿನದ ದೇಶದ ಮನಃಸ್ಥಿತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಷೇರು ಮಾರುಕಟ್ಟೆ?

ಶುಕ್ರವಾರ ಪೌಂಡ್ ಕುಸಿಯಿತು. ಸೋಮವಾರ ಷೇರುಗಳು ಏರಿದ್ದಕ್ಕೆ ಕಾರಣ ಬ್ರೌನ್ ಅಲ್ಲ, ಯೂರೋ ವಲಯವನ್ನು ಉಳಿಸಲು ಘೋಷಣೆಯಾದ 750 ಶತಕೋಟಿ ಯೂರೋ ನೆರವು. ಗ್ರೀಸ್ ದಿವಾಳಿಯ ಅಂಚಿನಲ್ಲಿದ್ದ ದಿನಗಳವು. ಸರ್ಕಾರ ಬೇಗ ಆಗಲಿ ಎಂಬ ಅವಸರಕ್ಕೆ ಆ ಭಯವೂ ಒಂದು ಕಾರಣ.

ಬ್ರೌನ್ ಆ ಘೋಷಣೆ ಮಾಡದಿದ್ದರೆ ಏನಾಗುತ್ತಿತ್ತು?

ಬಹುಶಃ ಅದೇ ಕ್ಯಾಮರನ್ ಸರ್ಕಾರವೇ, ಆದರೆ ಬೇರೆ ಷರತ್ತುಗಳ ಮೇಲೆ. ಬ್ರೌನ್ ಮಾತಾಡಿದ ಕೆಲವೇ ಗಂಟೆಗಳಲ್ಲಿ ಕನ್ಸರ್ವೇಟಿವ್ ಪಕ್ಷದ ವಿಲಿಯಂ ಹೇಗ್, ಪರ್ಯಾಯ ಮತ ಪದ್ಧತಿಯ (ಅಭ್ಯರ್ಥಿಗಳನ್ನು ಇಷ್ಟದ ಕ್ರಮದಲ್ಲಿ ಗುರುತಿಸುವ ಮತದಾನ) ಬಗ್ಗೆ ಜನಮತಗಣನೆ ನಡೆಸಲು ಸಿದ್ಧ, ಇದು ನಮ್ಮ ಕೊನೆಯ ಕೊಡುಗೆ ಎಂದು ಪ್ರಕಟಿಸಿದರು. ಅಲ್ಲಿಯವರೆಗೆ ಅದಕ್ಕೆ ಸುತರಾಂ ಒಪ್ಪದ ಪಕ್ಷವದು. ಬ್ರೌನ್ ಬಿಟ್ಟುಕೊಟ್ಟ ಕುರ್ಚಿಯ ಲಾಭವನ್ನು ಕ್ಲೆಗ್ ಎದುರಾಳಿಯಿಂದ ವಸೂಲಿ ಮಾಡಿದರು.

ಜನಮತಗಣನೆ 2011ರ ಮೇ 5ರಂದು ನಡೆಯಿತು. ಶೇ 68ರಷ್ಟು ಜನ ಬೇಡ ಎಂದರು.

ಮೇ 11ರ ಸಂಜೆ ಜನರ ಮನಸ್ಸು ಬದಲಾಯಿತು ಎನ್ನುವುದು ನಿಜವೇ?

ಬ್ರೌನ್ ಬಗೆಗಿನ ಅಭಿಪ್ರಾಯ ರಾತ್ರೋರಾತ್ರಿ ಬದಲಾಗಲಿಲ್ಲ. ಮಾತಿನ ಧಾಟಿ ಬದಲಾಯಿತು. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಲೇಬರ್ ಜೊತೆಗಿನ ಮಾತುಕತೆ ಮುರಿದುಬಿದ್ದಿತ್ತು. ಕ್ಲೆಗ್ ಇನ್ನೂ ಸ್ವಲ್ಪ ಸಮಯ ಕೇಳುತ್ತಿದ್ದರು, ಬ್ರೌನ್ ಫೋನಿನಲ್ಲಿ ಇನ್ನು ಕಾಯಲಾರೆ ಎಂದರು. ಸಂಜೆ ಏಳು ದಾಟಿದ ಮೇಲೆ ಮನೆಯ ಮುಂದಿನ ಮೈಕಿನೆದುರು ನಿಂತು ಚುಟುಕಾಗಿ ಮಾತಾಡಿದರು. ಈ ಕೆಲಸ ಮನುಷ್ಯ ಸ್ವಭಾವದ ಒಳ್ಳೆಯದನ್ನೂ ದೌರ್ಬಲ್ಯವನ್ನೂ ಕಲಿಸಿತು, ಆ ದೌರ್ಬಲ್ಯದಲ್ಲಿ ತನ್ನದೂ ಇದೆ ಎಂಬರ್ಥದ ಮಾತು ಅದರಲ್ಲಿತ್ತು. ಆಮೇಲೆ ಹೆಂಡತಿ ಸಾರಾ ಮತ್ತು ಇಬ್ಬರು ಪುಟ್ಟ ಗಂಡುಮಕ್ಕಳ ಕೈ ಹಿಡಿದು ಕಾರಿನ ಕಡೆಗೆ ನಡೆದರು.

ಆ ಮಕ್ಕಳನ್ನು ದೇಶ ಸರಿಯಾಗಿ ನೋಡಿದ್ದೇ ಆಗ. ಅಷ್ಟು ವರ್ಷ ತಂದೆತಾಯಿ ಅವರನ್ನು ಕ್ಯಾಮೆರಾದಿಂದ ದೂರವೇ ಇಟ್ಟಿದ್ದರು. ಹಿಂದಿನ ದಿನವಷ್ಟೇ ಸಿಡುಕುತ್ತಿದ್ದ ಟೀಕಾಕಾರರಲ್ಲಿಯೂ ಹಲವರು, ಈ ಮನುಷ್ಯ ಪ್ರಚಾರದಲ್ಲಿ ಹೀಗೆ ಕಂಡಿದ್ದರೆ ಎಂದು ಬರೆದರು. ಎರಡನೆಯ ರಾಜೀನಾಮೆಯಲ್ಲಿ ಷರತ್ತಿರಲಿಲ್ಲ, ಅದರಿಂದ ಅವರಿಗೆ ಬರುವುದೂ ಏನೂ ಇರಲಿಲ್ಲ. ಅನುಮಾನಕ್ಕೆ ಆಸ್ಪದವೇ ಉಳಿಯಲಿಲ್ಲ. ಮಕ್ಕಳನ್ನು ಕರೆತಂದದ್ದೂ ನಾಟಕವೇ ಎಂದ ಸಿನಿಕರೂ ಇದ್ದರು, ಅಂಥವರು ಎಲ್ಲ ಕಾಲದಲ್ಲೂ ಇರುತ್ತಾರೆ.

ಬ್ರೌನ್ ಅರಮನೆಗೆ ಹೋಗಿಬಂದ ಸ್ವಲ್ಪ ಹೊತ್ತಿನಲ್ಲೇ ಕ್ಯಾಮರನ್ ಅಲ್ಲಿಗೆ ಹೋಗಿ ಪ್ರಧಾನಿಯಾದರು. ಆ ಘಳಿಗೆಯಲ್ಲಿ ಲಿಬರಲ್ ಡೆಮಾಕ್ರಾಟರೊಂದಿಗಿನ ಒಪ್ಪಂದಕ್ಕೆ ಅಂತಿಮ ಮುದ್ರೆಯೂ ಬಿದ್ದಿರಲಿಲ್ಲ.

ನಮ್ಮ 2018ರ ಕರ್ನಾಟಕಕ್ಕೂ ಇದಕ್ಕೂ ಹೋಲಿಕೆ ಇದೆಯೇ?

ಮೇಲ್ನೋಟಕ್ಕೆ ಮಾತ್ರ. ಬಿಜೆಪಿ 104 ಸ್ಥಾನದೊಂದಿಗೆ ದೊಡ್ಡ ಪಕ್ಷವಾಗಿ, ಯಡಿಯೂರಪ್ಪ ಮೇ 17ರಂದು ಪ್ರಮಾಣವಚನ ಸ್ವೀಕರಿಸಿ, ಮೇ 19ರಂದು ವಿಶ್ವಾಸಮತಕ್ಕೆ ಮುನ್ನವೇ ರಾಜೀನಾಮೆ ಕೊಟ್ಟರು. ನಮ್ಮಲ್ಲಿ ಯಾರನ್ನು ಮೊದಲು ಕರೆಯಬೇಕೆಂಬ ತೀರ್ಮಾನ ರಾಜ್ಯಪಾಲರದಾಗಿ, ಸಿಟ್ಟು ರಾಜಭವನದ ಕಡೆಗೆ ತಿರುಗಿತು, ವ್ಯಾಜ್ಯ ಸುಪ್ರೀಂ ಕೋರ್ಟ್ ತಲುಪಿತು. ಲಂಡನ್ನಿನಲ್ಲಿ ಅರಮನೆಯನ್ನು ದೂರ ಇಟ್ಟಿದ್ದರಿಂದ ಸಿಟ್ಟೆಲ್ಲ ಬ್ರೌನ್ ಒಬ್ಬರ ತಲೆಗೆ ಕಟ್ಟಿತು. ಐದು ದಿನ ಅವರು ಕುಳಿತಿದ್ದು ಯಾರಿಗೆ ಗುರಾಣಿಯಾಗಿ ಎಂದು ಬೈದವರು ಯೋಚಿಸಿರಲಿಕ್ಕಿಲ್ಲ.

ಲೇಬರ್‌ಗೆ ಮುಂದೆ ಯಾರು ಬಂದರು?

ಹ್ಯಾರಿಯೆಟ್ ಹಾರ್ಮನ್ ಹಂಗಾಮಿ ನಾಯಕಿಯಾದರು. ಸೆಪ್ಟೆಂಬರ್ 25ರಂದು ಎಡ್ ಮಿಲಿಬ್ಯಾಂಡ್ ತಮ್ಮ ಸ್ವಂತ ಅಣ್ಣ ಡೇವಿಡ್ ಅವರನ್ನು ಶೇ 50.65 ಮತದೊಂದಿಗೆ ಕೂದಲೆಳೆಯ ಅಂತರದಲ್ಲಿ ಸೋಲಿಸಿದರು. ಅದರ ಬಗ್ಗೆ ಜನ ಆಡಿದ ಮಾತು ಬರೆಯಹೊರಟರೆ ಇನ್ನೊಂದು ಪುಟವೇ ಬೇಕು.

2017ರಲ್ಲೂ ಅತಂತ್ರವಾಯಿತಲ್ಲ, ತೆರೇಸಾ ಮೇ ಯಾಕೆ ಹೋಗಲಿಲ್ಲ?

ಆಗಿನ ಪ್ರಧಾನಿಯಾದ ಅವರ ಕನ್ಸರ್ವೇಟಿವ್ ಪಕ್ಷ ಬಹುಮತ ಕಳೆದುಕೊಂಡರೂ ಎಲ್ಲರಿಗಿಂತ ದೊಡ್ಡದಾಗಿಯೇ ಉಳಿಯಿತು. ಉತ್ತರ ಐರ್ಲೆಂಡಿನ ಡೆಮಾಕ್ರಟಿಕ್ ಯೂನಿಯನಿಸ್ಟ್ ಪಕ್ಷದ ಹತ್ತು ಸಂಸದರ ಬಾಹ್ಯ ಬೆಂಬಲ ಸಿಕ್ಕಿತು. ಆ ಒಪ್ಪಂದದ ಜೊತೆಗೆ ಉತ್ತರ ಐರ್ಲೆಂಡಿಗೆ ಹೆಚ್ಚುವರಿಯಾಗಿ ನೂರು ಕೋಟಿ ಪೌಂಡ್ ಮಂಜೂರಾದಾಗ ಜನ ಬೆಂಬಲಕ್ಕೆ ಕಟ್ಟಿದ ಬೆಲೆ ಎಂದು ಬೈದರು. ತೆರೇಸಾ ಮೇ ಪಕ್ಷದ ನಾಯಕತ್ವ ಬಿಟ್ಟಿದ್ದು 2019ರ ಜೂನ್‌ನಲ್ಲಿ, ಯುರೋಪ್ ಒಕ್ಕೂಟದಿಂದ ಹೊರಬರುವ ಬ್ರೆಕ್ಸಿಟ್ ಒಪ್ಪಂದ ಸದನದಲ್ಲಿ ಮೂರು ಸಲ ಬಿದ್ದ ನಂತರ. ಅವರೂ ಮೊದಲು ಬಿಟ್ಟಿದ್ದು ಪಕ್ಷದ ಹುದ್ದೆ. ಪ್ರಧಾನಿಯಾಗಿ ಜುಲೈ 24ರವರೆಗೆ ಮುಂದುವರಿದರು. ಆಗ ಅಕ್ರಮ ಬೀಡು ಎಂಬ ಕೂಗು ಅಷ್ಟಾಗಿ ಏಳಲಿಲ್ಲ.